ಆಕ್ಸಿಜನ್ ಇಲ್ಲದಿದ್ದಾಗ ಕ್ಯಾನ್ಸರ್ ಕೋಶ ಒಡೆದು ಎರಡಾಗುತ್ತದಾ? ಲ್ಯಾಬಿನಲ್ಲಿ ಸರಿಯಾಗಿ ನೋಡುವುದು ಹೀಗೆ

ಪ್ರಾಜೆಕ್ಟ್ ಮಾಡಲು ಬರುವ ಎಂಎಸ್ಸಿ ಮಕ್ಕಳು ಎಡವುವುದು ಹೆಚ್ಚಾಗಿ ಒಂದೇ ಕಡೆ. ಇನ್‌ಕ್ಯುಬೇಟರ್ ಮೇಲೆ ಆಕ್ಸಿಜನ್ ಶೇ 1 ಅಂತ ಬಂದ ಕೂಡಲೇ ಕೋಶಕ್ಕೂ ಅಷ್ಟೇ ಸಿಗುತ್ತಿದೆ ಅಂದುಕೊಂಡು ಗಂಟೆ ಎಣಿಸಲು ಶುರು ಮಾಡುತ್ತಾರೆ.

ಈ ಪ್ರಯೋಗ ಯಾಕೆ ಮುಖ್ಯ ಅಂದರೆ, ಗೆಡ್ಡೆಯೊಳಗೆ ರಕ್ತನಾಳದಿಂದ ಸುಮಾರು 150 ಮೈಕ್ರೋಮೀಟರ್ ದೂರ ಹೋದರೆ ಆಕ್ಸಿಜನ್ ತಲುಪುವುದೇ ಕಷ್ಟ. 1955ರಲ್ಲಿ ಥಾಮ್ಲಿನ್‌ಸನ್ ಮತ್ತು ಗ್ರೇ ಎಂಬ ವಿಜ್ಞಾನಿಗಳು ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಇದನ್ನು ಕಂಡರು: ಅಂಚಿನಲ್ಲಿ ಬದುಕಿರುವ ಕೋಶ, ನಡುವೆ ಸತ್ತ ಕೋಶ. ಇವೆರಡರ ಮಧ್ಯೆ ಉಸಿರುಕಟ್ಟಿಕೊಂಡು ಬದುಕಿರುವ ಕೋಶಗಳು ನಿಧಾನವಾಗಿ ಒಡೆಯುತ್ತವೆ, ಇಲ್ಲವೇ ನಿಂತೇಬಿಡುತ್ತವೆ. ಹಾಗಾಗಿ ಒಡೆಯುವ ಕೋಶವನ್ನೇ ಹೊಡೆಯುವ ಔಷಧಿಗಳಿಂದ ಅವು ತಪ್ಪಿಸಿಕೊಳ್ಳುತ್ತವೆ. ರೇಡಿಯೇಷನ್ ಕೂಡ 2.5ರಿಂದ 3 ಪಟ್ಟು ಜಾಸ್ತಿ ಬೇಕಾಗುತ್ತದೆ.

ಮೊದಲು ಕೋಶ ಆರಿಸಿ. ಫ್ರೀಜರ್‌ನಲ್ಲಿ ಇದೆ ಅಂತ ಹೀಲಾ ಎಂಬ ಕ್ಯಾನ್ಸರ್ ಕೋಶ ತೆಗೆಯಬೇಡಿ. ಅದರಲ್ಲಿರುವ ಪ್ಯಾಪಿಲೋಮಾ ವೈರಸ್‌ನ ಪ್ರೋಟೀನ್‌ಗಳು ಪಿ53 ಮತ್ತು ಆರ್‌ಬಿ ಎಂಬ, ಕೋಶ ಒಡೆಯುವುದನ್ನು ತಡೆಯುವ ಎರಡು ಬ್ರೇಕ್‌ಗಳನ್ನೂ ಕೆಡಿಸಿರುತ್ತವೆ. ಬ್ರೇಕ್ ಇಲ್ಲದ ಗಾಡಿ ಯಾಕೆ ನಿಲ್ಲಲಿಲ್ಲ ಅಂತ ಕೇಳಿದರೆ ಏನು ಉತ್ತರ ಸಿಗುತ್ತದೆ? ಕರುಳಿನ ಕ್ಯಾನ್ಸರ್‌ನ ಎಚ್‌ಸಿಟಿ116 ತೆಗೆದುಕೊಳ್ಳಿ, ಅದರಲ್ಲಿ ಪಿ53 ಸರಿ ಇದೆ.

ಡಿಶ್ ಅರ್ಧಕ್ಕಿಂತ ಕಡಿಮೆ ತುಂಬುವಷ್ಟು ಕೋಶ ಹಾಕಿ, ಒಂದು ರಾತ್ರಿ ಬಿಡಿ.

ಈಗ ಕಷ್ಟದ ಭಾಗ. ಬಾಟಲಿಯಿಂದ ಸುರಿದ ಹೊಸ ಮೀಡಿಯಂ (ಕೋಶ ಬೆಳೆಸುವ ದ್ರವ) ತುಂಬ ಹೊರಗಿನ ಗಾಳಿಯ ಆಕ್ಸಿಜನ್ ಕರಗಿರುತ್ತದೆ, ಅದು ಇಳಿಯಲು ಗಂಟೆಗಟ್ಟಲೆ ಬೇಕು. ಪ್ಲಾಸ್ಟಿಕ್ ಡಿಶ್ ಕೂಡ ಆಕ್ಸಿಜನ್ ಹೀರಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ. ಆದ್ದರಿಂದ ಹಿಂದಿನ ದಿನವೇ ಮೀಡಿಯಂ, ಪಿಬಿಎಸ್ (ಕೋಶ ತೊಳೆಯುವ ಉಪ್ಪುನೀರು), ಪಿಪೆಟ್ ಟಿಪ್ ಎಲ್ಲವನ್ನೂ ಆಕ್ಸಿಜನ್ ಕಡಿಮೆ ಇಟ್ಟ, ಕೈಗವಸು ತೂರಿಸಿ ಕೆಲಸ ಮಾಡುವ ಮುಚ್ಚಿದ ಚೇಂಬರ್ ಒಳಗಿಡಿ, ಮೀಡಿಯಂ ಅನ್ನು ಅಗಲ ಪಾತ್ರೆಯಲ್ಲಿ ತೆಳ್ಳಗೆ ಹರಡಿ. ಶೇ 0.1ಕ್ಕಿಂತ ಕೆಳಗೆ ಹೋಗುವುದಾದರೆ ಗಾಜಿನ ಡಿಶ್ಶೇ ಬೇಕು. ಬಾಗಿಲು ಮಾತ್ರ ತೆಗೆಯಬೇಡಿ! ಒಬ್ಬ ಹುಡುಗಿ ಸುಮ್ನೆ ಒಮ್ಮೆ ಮೈಕ್ರೋಸ್ಕೋಪಿನಲ್ಲಿ ನೋಡೋಣ ಅಂತ ಡಿಶ್ ಹೊರಗೆ ತಂದಳು, ಹತ್ತು ನಿಮಿಷ ಆಯಿತು. ಮರುದಿನ ಬ್ಲಾಟ್ (ಪ್ರೋಟೀನ್ ಇದೆಯಾ ಅಂತ ನೋಡುವ ಪರೀಕ್ಷೆ) ಮಾಡಿದರೆ, ಆಕ್ಸಿಜನ್ ಕಡಿಮೆಯಾದಾಗ ಕೋಶದಲ್ಲಿ ಉಳಿಯುವ ಹಿಫ್-1 ಆಲ್ಫಾ ಎಂಬ ಪ್ರೋಟೀನ್ ಇರಬೇಕಾದ ಜಾಗ ಖಾಲಿ. ಆಕ್ಸಿಜನ್ ಸಿಕ್ಕ ಕೂಡಲೇ ಆ ಪ್ರೋಟೀನ್ ಸುಮಾರು ಐದೈದು ನಿಮಿಷಕ್ಕೆ ಅರ್ಧರ್ಧ ಕರಗುತ್ತದೆ, ಅದಕ್ಕೇ ಪ್ರೋಟೀನ್ ಹೊರತೆಗೆಯಲು ಕೋಶವನ್ನು ಕರಗಿಸುವ ಲೈಸಿಸ್ ಬಫರ್ ಕೂಡ ಒಳಗೇ ಹಾಕಬೇಕು.

ಇಷ್ಟೆಲ್ಲ ಯಾಕೆ, ಕೋಬಾಲ್ಟ್ ಕ್ಲೋರೈಡ್ ಹಾಕಿದರೆ ಸಾಕಲ್ವಾ ಅಂತ ಕೇಳುತ್ತಾರೆ. ಸಾಲದು. ಅದು ಹಿಫ್ ಅನ್ನು ಉಳಿಸುತ್ತದೆ ಅಷ್ಟೇ, ಆಕ್ಸಿಜನ್ ಅಲ್ಲೇ ಇರುತ್ತದೆ. ಡಿಎನ್ಎ ಇಟ್ಟಿಗೆ ಮಾಡುವ ರೈಬೋನ್ಯೂಕ್ಲಿಯೋಟೈಡ್ ರಿಡಕ್ಟೇಸ್ ಎಂಬ ಕಿಣ್ವಕ್ಕೆ ಆಕ್ಸಿಜನ್ನೇ ಬೇಕು. ಶೇ 0.1ಕ್ಕಿಂತ ಕೆಳಗೆ ಕೋಶ ಡಿಎನ್ಎ ನಕಲು ಮಾಡುತ್ತಾ ಅರ್ಧದಲ್ಲೇ ನಿಲ್ಲುವುದಕ್ಕೆ ಇದೊಂದು ದೊಡ್ಡ ಕಾರಣ. ಕೋಬಾಲ್ಟ್ ಅದನ್ನು ತೋರಿಸುವುದಿಲ್ಲ. ಶೇ 1ರಲ್ಲಾದರೆ ಎಷ್ಟೋ ಕ್ಯಾನ್ಸರ್ ಕೋಶಗಳು ಒಡೆಯುತ್ತಲೇ ಇರುತ್ತವೆ, ಹಾಗಾಗಿ ಎರಡೂ ಮಟ್ಟ ನೋಡಿ.

ಅಳೆಯಲು ಎಂಟಿಟಿ ಎಂಬ ಬಣ್ಣದ ಪರೀಕ್ಷೆ ಬೇಡ. ಅದು ತೋರಿಸುವುದು ಕೋಶದ ಉಸಿರಾಟದ ಚಟುವಟಿಕೆ, ಆಕ್ಸಿಜನ್ ಕಡಿಮೆಯಾದರೆ ಅದೇ ಬದಲಾಗುತ್ತದೆ. ಕೊನೆಯ ಒಂದು ಗಂಟೆ ಇಡಿಯು (ಹೊಸ ಡಿಎನ್ಎ ಕಟ್ಟುವಾಗ ಅದರೊಳಗೆ ಸೇರುವ ಗುರುತು) ಕೊಟ್ಟು, ಕೋಶಗಳನ್ನು ಚೇಂಬರ್ ಒಳಗೇ ಇದ್ದ ಸ್ಥಿತಿಯಲ್ಲೇ ಫಿಕ್ಸ್ ಮಾಡಿ, ಡಿಎನ್ಎಗೆ ಬಣ್ಣ ಹಾಕಿ, ಕೋಶಗಳನ್ನು ಒಂದೊಂದಾಗಿ ಅಳೆಯುವ ಫ್ಲೋ ಸೈಟೋಮೀಟರ್‌ನಲ್ಲಿ ಓಡಿಸಿ. ಕೋಶಗಳನ್ನು ಎಣಿಸಲೂ ಬೇಕು.

ಮೀಡಿಯಂ ಹಳದಿಗೆ ತಿರುಗಿದ್ದರೆ ಆ ಡಿಶ್ ಬಿಟ್ಟುಬಿಡಿ. ಕೋಶಗಳು ಗ್ಲೂಕೋಸ್ ತಿಂದು ಹುಳಿ ಕಕ್ಕಿರುತ್ತವೆ, ಒಡೆಯುವುದನ್ನು ನಿಲ್ಲಿಸಿದ್ದು ಆಸಿಡ್ಡೋ ಆಕ್ಸಿಜನ್ನೋ ಹೇಳಲು ಆಗುವುದಿಲ್ಲ. ಕೆಲವು ಡಿಶ್‌ಗಳನ್ನು ಮಾಮೂಲಿ ಇನ್‌ಕ್ಯುಬೇಟರ್‌ಗೆ ವಾಪಸ್ ಹಾಕಿ, 24 ಗಂಟೆ ಬಿಟ್ಟು ಮತ್ತೆ ಇಡಿಯು ಕೊಡಿ. ಸತ್ತ ಕೋಶ ಯಾವುದು, ಕಾಯುತ್ತಾ ಕೂತಿದ್ದು ಯಾವುದು ಅಂತ ಅಲ್ಲಿ ಗೊತ್ತಾಗುತ್ತದೆ.