ಕುಮಟೆಯ ಉಪ್ಪುಗಾಳಿಯಲ್ಲಿ ಒಂದು ಪದ್ಮಿನಿ

ಹಳೇ ಕಾರು ಎಂದಕೂಡಲೇ ಎಲ್ಲರೂ ಕೇಳುವುದು ಎಂಜಿನ್ ಹೇಗಿದೆ ಅಂತ. ಪ್ರೀಮಿಯರ್ ಪದ್ಮಿನಿಯಲ್ಲಿ ಅದೇ ಸುಲಭದ ಕೆಲಸ. 1089 ಸಿಸಿ, ನಾಲ್ಕು ಸಿಲಿಂಡರ್, ಒಂದು ಕಾರ್ಬುರೇಟರ್. ನಾನು ಸರಿಮಾಡಲು ತಂದ ಗಾಡಿಯಲ್ಲಿ ಜಾಮ್ ಆಗಿದ್ದ ಸಿಲಿಂಡರುಗಳಿಗೆ ಪ್ಲಗ್ ಬಿಚ್ಚಿ ಡೀಸೆಲ್ ಹೊಯ್ದು ಬಿಟ್ಟೆ. ಆಮೇಲೆ ನಾಲ್ಕನೇ ಗೇರಿಗೆ ಹಾಕಿ ಕಾರನ್ನೇ ಹಿಂದೆ ಮುಂದೆ ಅಲ್ಲಾಡಿಸಿದಾಗ ತಿರುಗಿತು. ಆದರೆ ಸ್ಟಾರ್ಟ್ ಮಾಡುವ ಆಸೆ ತಡೆದುಕೊಂಡು ಬ್ರೇಕು ಮೊದಲು ಮುಗಿಸಿದೆ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕೇ. ವ್ಹೀಲ್ ಸಿಲಿಂಡರ್, ಹೋಸು ಎಲ್ಲ ಹೊಸದು.

ನಿಜವಾದ ಗೋಳು ಬಾಡಿಯದು. ಜೀಪಿನ ಹಾಗೆ ಇದಕ್ಕೆ ಬೇರೆ ಚಾಸಿ, ಅಂದರೆ ಅಡಿಯ ಚೌಕಟ್ಟು, ಇಲ್ಲ, ಬಾಡಿಯೇ ಚಾಸಿ. ಶಿರಸಿ ಕಡೆ ಮಾವನ ಮನೆಯ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ಥಂಡಿ ಕುಡಿದು ನಿಂತಿದ್ದ ಗಾಡಿಯನ್ನು ಲಾರಿಯಲ್ಲಿ ದೇವಿಮನೆ ಘಟ್ಟ ಇಳಿಸಿ ತಂದೆ. ಮ್ಯಾಟ್ ಎತ್ತಿ ಸ್ಕ್ರೂಡ್ರೈವರ್ ಒತ್ತಿದರೆ ಫ್ಲೋರಿನ ತಗಡು ಹಪ್ಪಳದಂತೆ ಮುರಿಯಿತು.

"ಫೈಬರ್ ಹಚ್ಚಿ ಟಾರ್ ಬಳಿದುಬಿಡುವಾ ಸರ್, ಅಡಿಗೆ ಬಗ್ಗಿ ಯಾರು ನೋಡ್ತಾರೆ?" ಅಂದ ಟಿಂಕರಿಂಗ್‌ನವ.

"ಬೇಡ ಮಾರಾಯಾ, ಕತ್ತರಿಸೇ ಹಾಕು" ಅಂದೆ.

ತುಕ್ಕಿನ ಮೇಲೆ ಟಾರ್ ಬಳಿದರೆ ತೇವ ಒಳಗೇ ಉಳಿದು ತಿನ್ನುತ್ತಲೇ ಇರುತ್ತದೆ. ಉಪ್ಪುಗಾಳಿಯ ಊರಿನಲ್ಲಿ ಇನ್ನೂ ಬೇಗ. ಹೊಳೆಯುವ ಕಬ್ಬಿಣ ಸಿಗುವವರೆಗೆ ಕತ್ತರಿಸಿ ಹೊಸ ತಗಡು ಬೆಸೆಯಬೇಕು. ಅದಕ್ಕೂ ಮುಂಚೆ ಬಾಗಿಲಿನ ಕಂಡಿಗಳಿಗೆ ಅಡ್ಡ ಆಂಗಲ್ ಪಟ್ಟಿ ಬೆಸೆದು ಬಿಗಿ ಮಾಡಿಸಿದೆ. ಇಲ್ಲದಿದ್ದರೆ ಫ್ಲೋರ್ ತೆಗೆದ ಕೂಡಲೇ ಬಾಡಿ ನಡುವಲ್ಲಿ ಜೋಲುತ್ತದೆ, ಮತ್ತೆ ಬಾಗಿಲು ಹಾಕಲು ಬರುವುದಿಲ್ಲ. ಒಂದು ಬದಿ ಪೂರ್ತಿ ಮುಗಿಸಿಯೇ ಇನ್ನೊಂದು ಬದಿ. ಬಾಗಿಲ ಕೆಳಗಿನ ಟೊಳ್ಳು ಪಟ್ಟಿಯೊಳಗೆ ಮೇಣದಂಥ ತುಕ್ಕುನಿರೋಧಕ ಸ್ಪ್ರೇ ಹೊಡೆಸಿದೆ. ಬಾಗಿಲುಗಳ ಅಡಿಯಲ್ಲಿ ನೀರು ಇಳಿಯುವ ತೂತುಗಳಲ್ಲಿ ಕೂತಿದ್ದ ಕಸ ಕುಟ್ಟಿ ತೆಗೆದೆ. ಅರ್ಧಕ್ಕರ್ಧ ದುಡ್ಡು ಹೋದದ್ದು ಕಣ್ಣಿಗೆ ಕಾಣದ ಈ ಜಾಗಗಳಿಗೇ.

ಸಾಮಾನಿಗೆ ಮುಂಬೈಯೇ ಗತಿ. ಅಲ್ಲಿಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ಆದರೂ ಕುರ್ಲಾದ ಹಳೇ ಸಾಮಾನಿನ ಅಂಗಡಿಗಳಲ್ಲಿ ಹುಡುಕಿದರೆ ಸಿಗುತ್ತದೆ, ರಾತ್ರಿ ಬಸ್ಸಿಗೆ ಹಾಕಿ ಕಳಿಸುತ್ತಾರೆ. ಗಾಜಿನ ರಬ್ಬರ್ ಬೀಡಿಂಗ್ ಮಾತ್ರ ಅಗ್ಗದ್ದು ಕೊಳ್ಳಬೇಡಿ. ಅದು ಕುಗ್ಗಿದರೆ ಮಳೆನೀರು ಸೀದಾ ಹೊಸ ಫ್ಲೋರಿಗೆ ಇಳಿಯುತ್ತದೆ.

ಬಣ್ಣ ಕೊನೆಗೆ. ಮೂಲ ಬಣ್ಣ ಡ್ಯಾಶ್‌ಬೋರ್ಡಿನ ಹಿಂದೆ ಬಿಸಿಲು ಕಾಣದೆ ಹಾಗೇ ಉಳಿದಿತ್ತು, ಅದಕ್ಕೇ ಹೊಂದಿಸಿದೆವು. ಏಪ್ರಿಲ್ ದಾಟಿಸಬೇಡಿ, ಗಾಳಿಯಲ್ಲಿ ತೇವ ಹೆಚ್ಚಿದರೆ ಕೆಲವು ಬಣ್ಣ ಒಣಗುವಾಗ ಬಿಳಿಚಿಕೊಳ್ಳುತ್ತವೆ.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20 ಎಥೆನಾಲ್. ಹಳೇ ರಬ್ಬರಿಗೂ ಅದಕ್ಕೂ ಆಗಿಬರುವುದಿಲ್ಲ. ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಾಮ್ ಬದಲಿಸಿಬಿಡಿ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಹೊದಿಕೆಯನ್ನಂತೂ ಹೊದಿಸಲೇಬೇಡಿ. ಮೇಲೊಂದು ಮಾಡು, ನಾಲ್ಕೂ ಕಡೆ ಗಾಳಿ, ವಾರಕ್ಕೊಮ್ಮೆ ಹೊನ್ನಾವರದ ತನಕ ಒಂದು ಓಟ ಇದ್ದರೆ ಸಾಕು.