ದೊಡ್ಡ ನಾಟಿ, ಪುಟ್ಟ ಬ್ಯಾಂಟಮ್: ಒಂದೇ ಗೂಡಲ್ಲಿ ಸಾಕೋದು ಹೇಗೆ?

ನಾಟಿ ಹೇಂಟೆ, ಕಡಕನಾಥ್, ಅಸೀಲ್ ತಳಿ ಕೋಳಿಗಳ ಜೊತೆ ನಾಲ್ಕು ಬ್ಯಾಂಟಮ್ (ಗಿಡ್ಡ ಜಾತಿ ಕೋಳಿ) ಬಿಟ್ರೆ ಹಿತ್ತಲು ನೋಡೋಕೇ ಚೆಂದ. ಆದ್ರೆ ವಾರ ಕಳೆಯೋದ್ರೊಳಗೆ ಬ್ಯಾಂಟಮ್‌ಗಳು ನೆತ್ತಿ ಪುಕ್ಕ ಕಿತ್ತಿಸ್ಕೊಂಡು ಮೂಲೇಲಿ ನಿಂತಿರ್ತವೆ, ನಮ್ಮನೇಲೂ ಹಂಗೇ ಆಗಿತ್ತು. ಮುಕ್ಕಾಲು ಕೆಜಿ ಜೀವ ಅದು, ಅಸೀಲ್ ಹುಂಜ ನಾಲ್ಕು ಕೆಜಿ ಹತ್ರ ತೂಗುತ್ತೆ. ಹಾಗಾಗಿ ಏನೇ ಮಾಡಿದ್ರೂ ಗುಂಪಲ್ಲಿ ಎಲ್ಲಕ್ಕಿಂತ ಚಿಕ್ಕದನ್ನ ನೋಡ್ಕೊಂಡು ಮಾಡಿ.

ಮೊದಲು ಹುಂಜದ ಲೆಕ್ಕ. ಎಂಟು-ಹತ್ತು ಹೇಂಟೆಗೆ ಒಂದೇ ಹುಂಜ ಸಾಕು. ಅಸೀಲ್ ಹುಂಜನ ಮಾತ್ರ ಗುಂಪಿಗೆ ಬಿಡ್ಲೇಬೇಡಿ, ಅದರ ರಕ್ತದಲ್ಲೇ ಕಾದಾಟ ಇದೆ, ದೊಡ್ಡ ಹುಂಜ ಬ್ಯಾಂಟಮ್ ಹೇಂಟೆ ಮೇಲೆ ಹತ್ತಿದ್ರೆ ಬೆನ್ನು ಹರಿದುಹೋಗುತ್ತೆ. ಬ್ಯಾಂಟಮ್ ಹುಂಜ ಇಟ್ಕೊಳ್ಳೋದು ವಾಸಿ.

ಹೊಸ ಕೋಳಿ ತಂದ್ರೆ ಮೂರು ವಾರ ದೂರ ಇಡಿ. ಆಮೇಲೆ ಒಂದು ವಾರ ಮಧ್ಯೆ ಜಾಲರಿ ಕಟ್ಟಿ, ಮುಖ ಪರಿಚಯ ಆಗ್ಲಿ. ಕೊನೆಗೆ ಕತ್ತಲಾದ್ಮೇಲೆ ಎತ್ಕೊಂಡು ಹೋಗಿ ಕೋಲಿನ ಮೇಲೆ ಕೂರಿಸಿ.

ಮಲಗೋ ಕೋಲು ಎರಡು ಎತ್ತರದಲ್ಲಿರಲಿ. ಭಾರದ ಕೋಳಿ ಎತ್ತರದಿಂದ ಧುಮುಕಿ ಧುಮುಕಿ ಅಂಗಾಲಲ್ಲಿ ಗಾಯ, ಕೀವು ಮಾಡ್ಕೊಳ್ಳುತ್ತೆ, ಅದಕ್ಕೆ ಒಂದೂವರೆ ಅಡಿ ಸಾಕು. ಬ್ಯಾಂಟಮ್ ಹಾರಿ ಮೇಲಿನ ಕೋಲು ಸೇರ್ಕೊಳ್ಳುತ್ತೆ. ಸಿಲ್ಕಿ (ರೇಷ್ಮೆಯಂಥ ಮೆತ್ತನೆ ಪುಕ್ಕದ ತಳಿ) ಮಾತ್ರ ಹಾರಲ್ಲ, ನೆಲದಲ್ಲೇ ಭತ್ತದ ಹೊಟ್ಟು ಹರಡಿ ಕೊಡಿ, ಅದರ ಪುಕ್ಕ ಮಳೆ ನೀರನ್ನ ತಡೆಯಲ್ಲ, ಒದ್ದೆ ಆದ್ರೆ ಒರೆಸಿ ಬೆಚ್ಚಗಿಡ್ಬೇಕು. ಮೇವಿನ ತಟ್ಟೆ ಮೂರು ಕಡೆ ಇಡಿ. ಜೊತೆಗೆ ಬ್ಯಾಂಟಮ್ ಮಾತ್ರ ನುಸುಳೋ ಅಷ್ಟು ಸಂದಿ ಇರೋ ಬಿದಿರಿನ ಗೂಡು ಮಾಡಿ ಅದರೊಳಗೆ ನುಚ್ಚು, ರಾಗಿ, ತೌಡು ಹಾಕಿ, ನಮ್ಮನೇಲಿ ಜಗಳ ಕಮ್ಮಿ ಆಗಿದ್ದೇ ಇದರಿಂದ. ಜಾಲರಿ ಕಣ್ಣು ಸಣ್ಣದಿರಲಿ, ಮುಂಗುಸಿ ಎಂಥಾ ಸಂದೀಲೂ ಬರುತ್ತೆ.

ಇನ್ನು ನನಗೆ ಬಲು ಇಷ್ಟದ ವಿಷಯ, ಕಾವು. ಕಡಕನಾಥ್ ಕಾವಿಗೆ ಕೂರೋದು ಅಪರೂಪ, ಮಧ್ಯಪ್ರದೇಶದ ಝಾಬುವಾ ಕಡೆಯ ತಳಿ, ಗಟ್ಟಿ ಜೀವ, ಆದ್ರೆ ತಾಯ್ತನ ಕಮ್ಮಿ. ಸಿಲ್ಕಿ, ಬ್ಯಾಂಟಮ್ ಹಾಗಲ್ಲ, ಯಾರ ಮೊಟ್ಟೆ ಇಟ್ರೂ ಕೂರ್ತವೆ. ಕಾವಿಗೆ ಬಂದಿದ್ದು ಎದೆ ನೆಲಕ್ಕೊತ್ತಿ, ಪುಕ್ಕ ಉಬ್ಬಿಸಿ, ಕೈ ಚಾಚಿದ್ರೆ ಕೊಕ್ಕೊಳಗಿಂದ ಕಿರ್ರ್ ಅನ್ನುತ್ತೆ. ಮಂಕರೀಲಿ ಹುಲ್ಲು ಹಾಸಿ ಸಂಜೆ ಹೊತ್ತಲ್ಲಿ ಐದಾರು ದೊಡ್ಡ ಮೊಟ್ಟೆ ಇಡಿ, ಜಾಸ್ತಿ ಇಟ್ರೆ ಅಂಚಿನವು ಕಾವು ಸಿಗ್ದೆ ಕೆಡ್ತವೆ. ಏಳನೇ ದಿನ ಟಾರ್ಚ್ ಹಿಡಿದು ನೋಡಿ, ಒಳಗೆ ಜೇಡನ ಕಾಲಿನ ಥರ ರಕ್ತನಾಳ ಕಂಡ್ರೆ ಮರಿ ಇದೆ. 21ನೇ ದಿನಕ್ಕೆ ಒಡೀತವೆ. ಬ್ಯಾಂಟಮ್ ಮೊಟ್ಟೆ ಒಂದೆರಡು ದಿನ ಮೊದಲೇ ಒಡೆಯೋದುಂಟು, ಅದಕ್ಕೇ ಎರಡನ್ನ ಬೆರೆಸಿ ಕಾವಿಗಿಡಬೇಡಿ, ಮೊದಲ ಮರಿ ಬಂದ ತಕ್ಷಣ ತಾಯಿ ಎದ್ದುಬಿಡಬಹುದು.

ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಮರೀಬೇಡಿ. ಮೊದಲ ವಾರದಲ್ಲಿ ಲಸೋಟಾ ಹನಿ, ಎಂಟನೇ ವಾರದ ಹೊತ್ತಿಗೆ ಆರ್‌ಟುಬಿ ಇಂಜೆಕ್ಷನ್, ಪಶು ಆಸ್ಪತ್ರೇಲಿ ಕೇಳಿ. ಲಸಿಕೆ ಐಸ್ ಹಾಕಿದ ಫ್ಲಾಸ್ಕಲ್ಲೇ ತನ್ನಿ, ಕಲಸಿದ್ದನ್ನ ನಾಳೆಗೆ ಇಟ್ಕೊಳ್ಳೋ ಹಾಗಿಲ್ಲ, ಒಂದು ಬಾಟ್ಲೀಲಿ ನೂರಾರು ಕೋಳಿಗಾಗೋ ಅಷ್ಟಿರುತ್ತೆ, ಅಕ್ಕಪಕ್ಕದ ಮನೆಯವರಿಗೂ ಅದೇ ದಿನ ಕೋಳಿ ಹಿಡಿದಿಡೋಕೆ ಹೇಳಿ.