ಮೀನಿನ ಪಿಕಪ್‌ಗೆ ಡೀಸೆಲ್ ಟ್ಯಾಂಕ್ ಬದಲಿಸಿದ ಅನುಭವ

ಗೋವಾದಲ್ಲಿ ಮೀನು ಹೊರುವ ಪಿಕಪ್‌ಗಳಿಗೆ ಇಂಜಿನ್‌ಗಿಂತ ಮೊದಲು ತಳಕ್ಕೆ ವಯಸ್ಸಾಗುತ್ತದೆ. ಸಮುದ್ರದ ಗಾಳಿಯಿಂದ ಹೀಗಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಗಾಳಿಯದೂ ಪಾಲಿದೆ, ಆದರೆ ಜಾಸ್ತಿ ಹಾಳು ಮಾಡುವುದು ಐಸ್ ಕರಗಿದ ನೀರು. ಅದರಲ್ಲಿ ಉಪ್ಪಿದೆ, ಮೀನಿನ ರಕ್ತ, ಲೋಳೆ ಎಲ್ಲಾ ಇದೆ. 2018ರಲ್ಲಿ ಮೀನು ಕೆಡದಿರಲು ಫಾರ್ಮಾಲಿನ್ ಅನ್ನುವ ರಾಸಾಯನಿಕ ಹಾಕುತ್ತಾರೆ ಅಂತ ಗಲಾಟೆ ಆದ ಮೇಲೆ ಹೊರಗಿನಿಂದ ಮೀನು ತರಲು ಇನ್ಸುಲೇಟೆಡ್, ಅಂದರೆ ತಂಪು ಹಿಡಿದಿಡುವ ಗಾಡಿಯೇ ಬೇಕು ಅಂತ ನಿಯಮ ಬಂತು. ಹಳೆ ಗಾಡಿಯವರು ಹಿಂದೆ ಪೆಟ್ಟಿಗೆ ಕೂರಿಸಿಕೊಂಡರು. ಮೀನು ತಣ್ಣಗಾಯಿತು, ನಿಜ. ಆದರೆ ಆ ಪೆಟ್ಟಿಗೆಯ ಡ್ರೇನ್ ಪೈಪ್ ಎಲ್ಲಿ ಬಾಯಿ ಬಿಟ್ಟಿದೆ ಅಂತ ಬಗ್ಗಿ ನೋಡಿದವರು ಕಡಿಮೆ. ಎಷ್ಟೋ ಗಾಡಿಗಳಲ್ಲಿ ಅದು ಸೀದಾ ಡೀಸೆಲ್ ಟ್ಯಾಂಕಿನ ನೆತ್ತಿಗೆ ಬರುತ್ತದೆ.

ನನ್ನದು ವಾಸ್ಕೋ ಹತ್ತಿರ ಝುವಾರಿನಗರದಲ್ಲಿ ಸಣ್ಣ ಗ್ಯಾರೇಜು. ಈ ಗಾಡಿ ನಮ್ಮ ಹಾವೇರಿ ಕಡೆಯವರದು, ಕಾರವಾರದಿಂದ ಮಡಗಾಂವ್ ಮಾರ್ಕೆಟ್ಟಿಗೆ ಮೀನು ತರುತ್ತಾರೆ. "ಅಣ್ಣಾ, ಆವರೇಜ್ ಕೊಡವಲ್ದು. ಪಂಪ್ ಬಿಚ್ಚಿ ನೋಡ್ರಿ" ಅಂದರು. ಇಂಜಿನ್‌ಗೆ ಡೀಸೆಲ್ ತಳ್ಳುವ ಆ ಪಂಪ್ ಬಿಚ್ಚುವ ಖರ್ಚು ಕೇಳಿದರೆ ಯಾರಿಗಾದರೂ ಎದೆ ಧಸಕ್ ಅನ್ನುತ್ತದೆ. ಹಾಗಾಗಿ ಆವರೇಜ್, ಅಂದರೆ ಮೈಲೇಜ್ ಇಳಿದ ಹಳೆ ಗಾಡಿಗೆ ನಾನು ಮೊದಲು ಅಡಿಯಲ್ಲಿ ಮಲಗಿ ಟ್ಯಾಂಕ್ ನೋಡುತ್ತೇನೆ.

ಪೆಟ್ರೋಲ್ ಸೋರಿದರೆ ಆರಿ ಹೋಗುತ್ತದೆ, ವಾಸನೆ ಮಾತ್ರ ಉಳಿಯುತ್ತದೆ. ಡೀಸೆಲ್ ಹಾಗಲ್ಲ. ಅದು ಜಿನುಗಿದ ಕಡೆ ಧೂಳು ಹಿಡಿದು ಕಪ್ಪು ಪಟ್ಟೆಯಾಗಿ ಕೂರುತ್ತದೆ. ಈ ಗಾಡಿಯಲ್ಲಿ ಕೆಳಗೆ ಒಂದು ಹನಿಯೂ ಬೀಳುತ್ತಿರಲಿಲ್ಲ, ಆದರೆ ಟ್ಯಾಂಕ್ ಹಿಡಿದ ಕಬ್ಬಿಣದ ಪಟ್ಟಿಯ ಅಂಚಿನುದ್ದಕ್ಕೂ ಕಪ್ಪು ಒದ್ದೆ ಇತ್ತು. ಬಟ್ಟೆಯಿಂದ ಒರೆಸಿ, ಸೀಮೆಸುಣ್ಣ ಪುಡಿ ಮಾಡಿ ಮೆತ್ತಿದೆ. ಚಹಾ ಕುಡಿದು ಬರುವಷ್ಟರಲ್ಲಿ ಬಿಳಿ ಪುಡಿಯ ಮೇಲೆ ಕೂದಲೆಳೆಯಷ್ಟು ಕಪ್ಪು ಗೆರೆ ಎದ್ದಿತ್ತು. ಬೇರೆ ಯಾವ ಟೆಸ್ಟೂ ಬೇಕಾಗಲಿಲ್ಲ.

ಪಟ್ಟಿಯ ಅಡಿಯಲ್ಲೇ ಯಾಕೆ ಅಂದರೆ, ಪಟ್ಟಿಗೂ ಟ್ಯಾಂಕಿಗೂ ನಡುವೆ ರಬ್ಬರ್ ಇರುತ್ತದೆ. ಅದು ಉಜ್ಜಾಟ ತಪ್ಪಿಸಲಿಕ್ಕೆ. ರಬ್ಬರ್ ಹಳೆಯದಾಗಿ ಬಿರುಕು ಬಿಟ್ಟ ಮೇಲೆ ಉಪ್ಪುನೀರು ಒಳಗೆ ನುಗ್ಗುತ್ತದೆ, ಹೊರಗೆ ಬರಲು ದಾರಿ ಇಲ್ಲ. ಗಾಡಿ ಬಿಸಿಲಲ್ಲಿ ನಿಂತರೂ ಅಲ್ಲಿ ಮಾತ್ರ ಒಣಗುವುದಿಲ್ಲ. ಪಟ್ಟಿ ಸಡಿಲಿಸಿ ರಬ್ಬರ್ ಎಳೆದಾಗ ತುಕ್ಕು ಹಪ್ಪಳದ ಹಾಗೆ ಪದರ ಪದರವಾಗಿ ಅದರ ಜೊತೆಗೇ ಎದ್ದು ಬಂತು. ಸ್ಕ್ರೂಡ್ರೈವರ್ ತುದಿ ಮೆಲ್ಲಗೆ ಒತ್ತಿದರೆ ಸಾಕು, ತಗಡು ಒಳಗೆ ತಗ್ಗುತ್ತಿತ್ತು.

ಒಳಗಿನ ಕಥೆ ಬೇರೆ. ಇಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲರ್‌ಗಳಿಗೆ ಮೀನುಗಾರಿಕೆ ಬಂದ್. ಗಾಡಿಗಳೂ ಸುಮ್ನೆ ನಿಲ್ಲುತ್ತವೆ, ಟ್ಯಾಂಕಿನಲ್ಲಿ ಕಾಲು ಭಾಗ ಡೀಸೆಲ್ ಇಟ್ಟುಕೊಂಡು. ಉಳಿದ ಮುಕ್ಕಾಲು ಭಾಗದಲ್ಲಿ ಮಳೆಗಾಲದ ಹಸಿ ಗಾಳಿ. ರಾತ್ರಿ ತಣ್ಣಗಾದಾಗ ಒಳಗೋಡೆಯಲ್ಲಿ ನೀರು ಬೆವರಿ ಕೆಳಗಿಳಿಯುತ್ತದೆ. ಡೀಸೆಲ್ ಲೀಟರ್‌ಗೆ ಸುಮಾರು 830 ಗ್ರಾಂ, ನೀರು 1000. ಹಾಗಾಗಿ ನೀರು ತಳಕ್ಕೆ ಹೋಗಿ ಕೂರುತ್ತದೆ, ತಳವನ್ನು ಒಳಗಿನಿಂದ ತಿನ್ನುತ್ತದೆ. ಗಾಡಿ ನಿಲ್ಲಿಸುವುದಾದರೆ ಟ್ಯಾಂಕ್ ಫುಲ್ ಮಾಡಿ ನಿಲ್ಲಿಸಿ ಅಂತ ನಾನು ಹೇಳುತ್ತಲೇ ಇರುತ್ತೇನೆ. ದುಡಿಮೆ ಇಲ್ಲದ ತಿಂಗಳಲ್ಲಿ ಯಾರು ಫುಲ್ ಮಾಡಿಸುತ್ತಾರೆ, ಅಲ್ವಾ?

"ನೀರು ತುಂಬಿ ವೆಲ್ಡಿಂಗ್ ಹೊಡೆದುಬಿಡ್ರಿ" ಅನ್ನುವುದು ಎಲ್ಲರ ಮೊದಲ ಸಲಹೆ. ದಾರಿಯಲ್ಲಿ ಸೋರಿಕೆ ಶುರುವಾದರೆ ಬಟ್ಟೆ ಸೋಪು ಉಜ್ಜಿ ಮನೆ ಸೇರಬಹುದು. ಸೋಪು ಡೀಸೆಲ್‌ನಲ್ಲಿ ಕರಗುವುದಿಲ್ಲ. ಎಂಸೀಲ್ ಅನ್ನುವ ಗಟ್ಟಿಯಾಗುವ ಅಂಟು ಕೂಡ ಸ್ವಲ್ಪ ಕಾಲ ಹಿಡಿಯುತ್ತದೆ. ಬೆಂಕಿ ಮಾತ್ರ ಬೇಡ. ನಮ್ಮಲ್ಲಿ ಮಾರುವ ಡೀಸೆಲ್‌ಗೆ ಫ್ಲ್ಯಾಶ್ ಪಾಯಿಂಟ್ ಕನಿಷ್ಠ 35 ಡಿಗ್ರಿ ಇದ್ದರೆ ಸಾಕು. ಅಂದರೆ ಅಷ್ಟು ಬಿಸಿಗೇ ಕಿಡಿಗೆ ಹೊತ್ತುವಷ್ಟು ಆವಿ ಬಿಡಬಹುದು. ವೆಲ್ಡಿಂಗ್ ಬೆಂಕಿ ಹಿಡಿದರೆ ಕೇಳಬೇಕೆ? ಪೆಟ್ರೋಲ್ ಅಂತೂ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಆವಿ ಬಿಡುತ್ತದೆ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕ್ ಜಾಸ್ತಿ ಅಪಾಯ, ಯಾಕೆಂದರೆ ಆವಿಗೆ ಗಾಳಿ ಸೇರುವುದು ಅಲ್ಲೇ. ಅದೂ ಅಲ್ಲದೆ ಒಂದು ತೂತಿನ ಸುತ್ತ ತಗಡು ಎಲ್ಲಾ ಕಡೆ ತೆಳುವಾಗಿರುತ್ತದೆ. ಒಂದನ್ನು ಮುಚ್ಚಿದರೆ ಪಕ್ಕದಲ್ಲಿ ಇನ್ನೊಂದು ಬಾಯಿ ತೆರೆಯುತ್ತದೆ.

ಈ ಮಾಡೆಲ್‌ಗೆ ಹೊಸ ಟ್ಯಾಂಕ್ ಇಲ್ಲಿ ಸಿಗಲಿಲ್ಲ. ಮುಂಬೈ ಕುರ್ಲಾದ ಗುಜರಿಯಿಂದ ತರಿಸೋಣ ಅಂದರು ಮಾಲೀಕರು. ಗುಜರಿ ಟ್ಯಾಂಕ್ ತಪ್ಪಲ್ಲ, ಆದರೆ ಕಣ್ಣಾರೆ ನೋಡಿ ತರಬೇಕು. ಡೀಸೆಲ್ ಮಟ್ಟ ತೋರಿಸುವ ಫ್ಲೋಟ್ ಕೂರುವ ತೂತಿನಿಂದ ಬ್ಯಾಟರಿ ಬೆಳಕು ಬಿಟ್ಟು ತಳ ನೋಡಬೇಕು. ಹೊರಗೆ ಫಳಫಳ ಪೇಂಟ್ ಇದ್ದಷ್ಟೂ ನನಗೆ ಅನುಮಾನ ಜಾಸ್ತಿ. ಕೊನೆಗೆ ಇಲ್ಲೇ ಮಾಡಿಸುವುದು ಅಂತಾಯಿತು.

ಟ್ಯಾಂಕ್ ಮಾಡುವವರು ಸತು ಲೇಪಿಸಿದ ಜಿಐ ಶೀಟ್ ಹಾಕುತ್ತೇನೆ, ತುಕ್ಕೇ ಹಿಡಿಯಲ್ಲ ಅಂದರು. ನಾನು ಬೇಡ ಅಂದೆ. ಜಿಐ ಮೇಲಿನ ಸತು ಡೀಸೆಲ್ ಜೊತೆ ಸೇರಿ ನಿಧಾನವಾಗಿ ಅಂಟು ಅಂಟಾದ ಕಸ ಬಿಡುತ್ತದೆ, ಅದು ಹೋಗಿ ಫಿಲ್ಟರ್‌ನಲ್ಲೂ ಇಂಜಿನ್‌ಗೆ ಡೀಸೆಲ್ ಚಿಮ್ಮಿಸುವ ನಾಝಲ್‌ನಲ್ಲೂ ಕೂರುತ್ತದೆ. ಮಾಮೂಲಿ ಕಬ್ಬಿಣದ ಶೀಟೇ ಇರಲಿ, ಹೊರಗೆ ಮಾತ್ರ ಪ್ರೈಮರ್, ಪೇಂಟ್. ಇನ್ನೊಂದು, ಒಳಗೆ ಅಡ್ಡ ತಗಡು ಹಾಕದೆ ಕೊಡುತ್ತಾರೆ. ಅದಿಲ್ಲದಿದ್ದರೆ ಘಾಟ್‌ನಲ್ಲಿ ತಿರುವು ಬಂದಾಗ ಡೀಸೆಲ್ ಎಲ್ಲಾ ಒಂದೇ ಕಡೆ ಓಡುತ್ತದೆ, ಎಳೆಯುವ ಪೈಪ್ ಗಾಳಿ ಕುಡಿಯುತ್ತದೆ. ಎದುರಿಗೆ ನಿಂತು ಹಾಕಿಸಿದೆ. ಆಮೇಲೆ ಬಾಯಿಗಳನ್ನೆಲ್ಲಾ ಮುಚ್ಚಿ ಸೈಕಲ್ ಪಂಪ್‌ನಿಂದ ಸ್ವಲ್ಪ ಗಾಳಿ ಕೊಟ್ಟು, ಸೋಪುನೀರು ಹಚ್ಚಿ ಗುಳ್ಳೆ ನೋಡಿದೆ. ಕಂಪ್ರೆಸರ್ ಗಾಳಿ ಕೊಡಬಾರದು, ಟ್ಯಾಂಕ್ ಉಬ್ಬಿಬಿಡುತ್ತದೆ.

ಇಳಿಸುವುದು ದೊಡ್ಡ ವಿದ್ಯೆಯಲ್ಲ. ಬ್ಯಾಟರಿಯ ಮೈನಸ್ ಬಿಚ್ಚಿ, ಡ್ರೇನ್ ನಟ್ ತೆಗೆದು ಡೀಸೆಲ್ ಕ್ಯಾನ್‌ಗೆ ಇಳಿಸಿ, ಅಡಿಗೆ ಜಾಕಿ ಕೊಟ್ಟು ಪಟ್ಟಿ ಬಿಚ್ಚಿದರೆ ಮುಗಿಯಿತು. ನಟ್‌ಗಳು ಬಿಡುವುದಿಲ್ಲ, ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿಡಿ. ಹೋಗುವ ಪೈಪ್‌ಗೂ ರಿಟರ್ನ್ ಪೈಪ್‌ಗೂ ಬೇರೆ ಬೇರೆ ಬಣ್ಣ ಹಚ್ಚಿ ಬಿಚ್ಚಿ. ಇಳಿಸಿದ ಡೀಸೆಲ್ ಸ್ವಲ್ಪ ಗಾಜಿನ ಬಾಟಲಿಗೆ ಹಾಕಿ ಮಾಲೀಕರ ಮುಂದಿಟ್ಟೆ. ಕೆಳಗೆ ಬೆರಳಗಲ ನೀರು, ಅದರ ಮೇಲೆ ಕಂದು ಪೊರೆ, ಮೇಲೆ ಡೀಸೆಲ್. "ಬಂಕಿನವ್ರು ನೀರು ಹಾಕ್ಯಾರ" ಅಂತ ಬೈಯಲು ಹೊರಟರು. ಎರಡು ತಿಂಗಳು ಗಾಡಿ ನಿಂತಿತ್ತಲ್ಲ, ನೆನಪಿಸಿದೆ.

ಹೊಸ ಟ್ಯಾಂಕ್ ಕೂರಿಸುವಾಗ ಜನ ಮರೆಯುವುದು ಗಾಳಿಕೊಳವೆ. ಅದರ ಬಾಯಿಗೆ ಕೆಸರು ಕಟ್ಟಿದರೆ ಡೀಸೆಲ್ ಖರ್ಚಾದ ಹಾಗೆ ಒಳಗೆ ನಿರ್ವಾತ ಬಂದು ಗಾಡಿ ದಮ್ಮು ಕಟ್ಟುತ್ತದೆ. ಮುಚ್ಚಳ ಬಿಚ್ಚಿದಾಗ ಉಸ್ ಅಂತ ಸದ್ದು ಬಂದು ಗಾಡಿ ಸರಿಹೋದರೆ ಇದೇ ಕಾರಣ. ಹಳೆ ಪೈಪ್‌ಗಳ ಒಳಗೂ ತುಕ್ಕಿನ ಪುಡಿ ಇರುತ್ತದೆ, ಇಂಜಿನ್ ಕಡೆಯ ತುದಿ ಬಿಚ್ಚಿ ಗಾಳಿ ಹೊಡೆದು ತೆಗೆದೆ. ಹೊಸ ಫಿಲ್ಟರ್ ಹಾಕಿದೆ. ಆಮೇಲೆ ಪೈಪ್‌ಗಳಲ್ಲಿ ಸೇರಿದ ಏರ್ ತೆಗೆಯುವ ಕೆಲಸ: ಫಿಲ್ಟರ್ ಮೇಲಿನ ಬೋಲ್ಟ್ ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಹ್ಯಾಂಡ್ ಪಂಪ್ ಒತ್ತುವುದು. ಇದನ್ನು ಬಿಟ್ಟು ಸೆಲ್ಫ್ ಹೊಡೆಯುತ್ತಾ ಕೂತರೆ ಬ್ಯಾಟರಿ ಇಳಿಯುತ್ತದೆ ಅಷ್ಟೇ.

ಇಷ್ಟೆಲ್ಲಾ ಮಾಡಿ ನೀರಿನ ದಾರಿ ತಪ್ಪಿಸದಿದ್ದರೆ ಹೊಸ ಟ್ಯಾಂಕ್‌ಗೂ ಅದೇ ಗತಿ. ಪೆಟ್ಟಿಗೆಯ ಡ್ರೇನ್‌ಗೆ ಉದ್ದನೆಯ ಪ್ಲಾಸ್ಟಿಕ್ ಪೈಪ್ ಜೋಡಿಸಿ ಹಿಂದಿನ ಡಬ್ಬಿಗೆ ಬಿಟ್ಟೆ. ಟ್ಯಾಂಕ್ ಮೇಲೆ ಓರೆಯಾಗಿ ಒಂದು ತಗಡಿನ ಚಪ್ಪರ, ಗಾಳಿಯಾಡಲು ನಡುವೆ ಎರಡು ಬೆರಳು ಜಾಗ. ಪಟ್ಟಿಗಳಿಗೆ ಹೊಸ ರಬ್ಬರ್. ಮಾರ್ಕೆಟ್ಟಿಂದ ಬಂದ ಮೇಲೆ ಪಟ್ಟಿಯ ಹತ್ತಿರ ಸಿಹಿನೀರು ಬಿಡಿ ಅಂತ ಡ್ರೈವರ್‌ಗೆ ಹೇಳಿದ್ದೇನೆ. ಅವನು ಪೆಟ್ಟಿಗೆ ಮಾತ್ರ ತೊಳೆಯುತ್ತಾನೆ ಅಂತ ನನಗೆ ಗುಮಾನಿ.

ಹಳೆ ಟ್ಯಾಂಕ್ ಗುಜರಿಗೆ ಕೊಡುವಾಗ ಸುಮ್ನೆ ಎಸೆದು ಬರಬೇಡಿ. ಅವರು ಗ್ಯಾಸ್ ಕಟರ್‌ನಿಂದ ಕತ್ತರಿಸುತ್ತಾರೆ. ನಾನು ಮುಚ್ಚಳ, ಡ್ರೇನ್ ನಟ್ ಎರಡೂ ತೆಗೆದು, ಮೇಲೆ ಸುಣ್ಣದಲ್ಲಿ ದೊಡ್ಡದಾಗಿ ಡೀಸೆಲ್ ಅಂತ ಬರೆದು, ಕಟರ್ ಹಿಡಿಯುವ ಹುಡುಗನನ್ನೇ ಕರೆದು ಹೇಳಿ ಬಂದೆ.